ಇನ್ನೊಬ್ಬ ಸತ್ಯಾತ್ಮ

ರಿಸೆಪ್ಷನ್‌ನಿಂದ ಪ್ರಣಮ್ಯಾಳಿಗೆ ಫೋನ್ ಬಂತು. ಕೆಳಗೆ ಸತ್ಯಾತ್ಮ ಎನ್ನುವವರು ಬಂದಿದ್ದಾರಂತೆ. ಹೆಡ್ಡಾಫೀಸು ಕಳಿಸಿದ ಸೆಕ್ಯುರಿಟಿ ತಜ್ಞರಂತೆ.

ಸತ್ಯಾತ್ಮ ಬೆಳಿಗ್ಗೆಯಿಂದ ಅವಳ ಪಕ್ಕದಲ್ಲೇ ಕೂತಿದ್ದರು.

"ನಾನ್ ಹೇಳ್ಲಿಲ್ವೇನಮ್ಮಾ, ನನ್ನ ಹೆಸರು ಹೇಳ್ಕೊಂಡು ಯಾರಾದ್ರೂ ಬರಬಹುದು ಅಂತ?" ಎಂದರು ಅವರು, ಕಾಫಿ ಲೋಟ ಕೆಳಗಿಟ್ಟು.

ಅಂಬತ್ತೂರಿನ ಆ ಕಂಪನಿಯ ಸಾಫ್ಟ್‌ವೇರ್, ಆಸ್ಪತ್ರೆಗಳಲ್ಲಿ ರೋಗಿಯ ರಕ್ತನಾಳಕ್ಕೆ ಔಷಧ ಹರಿಸುವ ಪಂಪುಗಳನ್ನು ನಡೆಸುತ್ತಿತ್ತು. ಡಾಕ್ಟರ ಆದೇಶದ ಜೊತೆ ಒಂದು ಟೋಕನ್, ಅಂದರೆ ಸಹಿಯಿರುವ ಡಿಜಿಟಲ್ ಅನುಮತಿ ಚೀಟಿ, ಬಂದರೆ ಮಾತ್ರ ಪಂಪು ಮಾತು ಕೇಳುತ್ತದೆ. ಹೋದ ವಾರ ಒಂದು ಆಸ್ಪತ್ರೆಯಲ್ಲಿ ಯಾರೋ ಹೊರಗಿನವರ ಆದೇಶಕ್ಕೆ ಪಂಪು ಡೋಸ್ ಏರಿಸಿಬಿಟ್ಟಿತು. ನರ್ಸ್ ನೋಡಿದ್ದಕ್ಕೆ ಜೀವ ಉಳಿಯಿತು. ಟೋಕನ್ನಿನ ಸಹಿ ಸರಿಯಿತ್ತು, ಅವಧಿಯೂ ಮುಗಿದಿರಲಿಲ್ಲ. ಅದನ್ನು ಕೊಟ್ಟವರು ಯಾರೆಂದು ಮಾತ್ರ ಸಾಫ್ಟ್‌ವೇರ್ ನೋಡುತ್ತಲೇ ಇರಲಿಲ್ಲ. ಇಷ್ಟು ದೊಡ್ಡ ಕಂಪನಿಗೆ ಅಷ್ಟೂ ತೋಚಿರಲಿಲ್ಲ.

ಪ್ರಣಮ್ಯಾಳ ಅಪ್ಪ ಹನುಮಂತಯ್ಯ ಆಪರೇಷನ್ ಆಗಿ ಅದೇ ಆಸ್ಪತ್ರೆಯಲ್ಲಿ, ಅಂಥದೇ ಪಂಪಿನ ಪಕ್ಕ ಮಲಗಿದ್ದರು. ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಬೆಳಿಗ್ಗೆ ಬಂದವರು ಕಾರ್ಡು ತೋರಿಸಿದ್ದರು. ಫೋಟೊ ಸರಿಯಿತ್ತು, ತಾರೀಖೂ ಸರಿಯಿತ್ತು. "ನಮ್ಮದೂ ಮೈಸೂರೇ, ಒಂಟಿಕೊಪ್ಪಲು" ಎಂದಾಗ ಅವಳ ಅರ್ಧ ಭಯ ಇಳಿಯಿತು. ಮೈಸೂರು ಬಿಟ್ಟು ಈ ಊರಿಗೆ ಬಂದಾಗಿನಿಂದ ತಮಿಳಿನಲ್ಲಿ ತಡವರಿಸುತ್ತಿದ್ದವಳು, ಅಪ್ಪನ ವಿಷಯವನ್ನೆಲ್ಲ ಹೇಳಿಕೊಂಡು ಅತ್ತಳು.

ಈಗ ಕೇಳೋಣವೆಂದರೆ ಮ್ಯಾನೇಜರ್ ಬೃಂದಾ ವಿಮಾನದಲ್ಲಿದ್ದರು. ಕೆಳಗಿದ್ದವನಿಗೇ ಫೋನ್ ಕೊಡಿಸಿದಳು.

"ನೀವು ಕನ್ನಡದೋರಾ?"

"ಆಮಾ ಮೇಡಂ. ಉಳ್ಳ ವಿಡ ಸೊಲ್ಲುಂಗ, ರೊಂಬ ಅವಸರಂ." ಹೌದು ಎಂದದ್ದೂ ತಮಿಳಿನಲ್ಲೇ.

"ಕನ್ನಡದಲ್ಲಿ ಹೇಳಿ."

ಅವನು ಮತ್ತೆ ತಮಿಳಿನಲ್ಲೇ ಒಳಗೆ ಬಿಡಿ ಎಂದ.

"ಹೆಸರು ಕದ್ದ. ಭಾಷೆ ಕದಿಯೋಕೆ ಆಗ್ಲಿಲ್ಲ ನೋಡಿ" ಎಂದು ಪಕ್ಕದವರು ನಕ್ಕರು.

ಅವನನ್ನು ಗೇಟಿನಾಚೆ ಕಳಿಸಲು ಹೇಳಿ ಪ್ರಣಮ್ಯಾ ಕೆಲಸಕ್ಕೆ ಕೂತಳು. ಟೋಕನ್ ಕೊಟ್ಟವರ ವಿಳಾಸ ಕಡ್ಡಾಯವಾಗಿ ಒಂದೇ ವಿಳಾಸಕ್ಕೆ ತಾಳೆಯಾಗಬೇಕೆಂದು ಸಾಫ್ಟ್‌ವೇರಿನಲ್ಲಿ ಬರೆದಳು. ಹೆಡ್ಡಾಫೀಸು ಬದಲಿಸಿದ ಹೊಸ ವಿಳಾಸವಂತೆ, ಪಕ್ಕದವರು ಓದಿ ಹೇಳಿದರು. ಅವಳು ಟೈಪ್ ಮಾಡಿದಳು. ಇನ್ನು ಆ ಒಂದು ಕಡೆಯಿಂದ ಬಂದ ಮಾತನ್ನು ಬಿಟ್ಟು ಪಂಪುಗಳು ಬೇರೆ ಯಾರ ಮಾತನ್ನೂ ಕೇಳುವುದಿಲ್ಲ.

"ಅಪ್ಪನ ಚಿಂತೆ ಇನ್ನು ನನಗೆ ಬಿಡಮ್ಮಾ" ಎಂದು ಅವರು ಬ್ಯಾಗ್ ಹೆಗಲಿಗೇರಿಸಿ ಲಿಫ್ಟ್ ಹತ್ತಿದರು.

ಅವಳು ನೆಮ್ಮದಿಯಿಂದ ಊಟದ ಡಬ್ಬಿ ತೆರೆಯುವಾಗ ಬೃಂದಾ ಫೋನ್ ಮಾಡಿದರು.

"ಸತ್ಯಾತ್ಮ ಬಂದ್ರಾ? ಹೇಳೋದೇ ಮರೆತೆ ಕಣೇ, ಅವರು ಕನ್ನಡದೋರೇ, ಆದ್ರೆ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ತಾಂಬರಂನಲ್ಲಿ. ನಾವು ಕನ್ನಡದಲ್ಲಿ ಮಾತಾಡಿದ್ರೆ ಪೂರ್ತಿ ಅರ್ಥ ಆಗುತ್ತೆ, ಉತ್ತರ ಮಾತ್ರ ತಮಿಳಲ್ಲೇ ಕೊಡ್ತಾರೆ."