ಬಿಲ್ಲಿನ ಮೂರನೆಯ ಗಂಟು

ಹಿಪ್ಪುನೇರಳೆ ಕಟ್ಟಿಗೆ ಕೆತ್ತುವ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಿದ್ದರೆ, ಶಿಡ್ಲಘಟ್ಟದ ನಮ್ಮ ಜಗಲಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಬಡಗಿ. ಕಣ್ಣು ಮಂಜಾಗಿ, ಕೆಲಸಕ್ಕೆ ಯಾರೂ ಕರೆಯದೆ ಆಗಲೇ ವರ್ಷವಾಗಿತ್ತು. ಶಾಲೆಯ ನಾಟಕಕ್ಕೆ ನನಗೊಂದು ಬಿಲ್ಲು ಬೇಕೆಂದಾಗ, ಬಹಳ ದಿನಗಳ ಮೇಲೆ ಉಳಿ ಹಿಡಿದು ಕೂತ. ಒಣಗಿದ ಕೊಂಬೆಯನ್ನು ತೊಡೆಯ ಮೇಲಿಟ್ಟು ಹೆಬ್ಬೆರಳಿನಿಂದ ತಡವುತ್ತ ಹೇಳಿದ:

“ಗಂಟಿರೋ ಕಡೆ ಸುತ್ತ ಒಂಚೂರು ದಪ್ಪ ಬಿಡ್ಬೇಕು ಕಣಮ್ಮ. ಹೆರೆದ್ರೆ ಅಲ್ಲೇ ಮುರಿಯುತ್ತೆ. ನನ್ ಕೈಗೆ ಸಿಗದೇ ಇರೋದನ್ನ ನೀನು ನೋಡಿ ಹೇಳು.”

ಎರಡು ಗಂಟು ತೋರಿಸಿದೆ. ಅಷ್ಟರಲ್ಲಿ ಗೆಳತಿಯರು ಬೀದಿಯಿಂದ ಕೂಗಿದರು.

“ಇನ್ನೂ ಇದ್ಯೇನಮ್ಮ?” ಅಪ್ಪ ಕೇಳಿದ.

“ಇಲ್ಲಪ್ಪ,” ಎಂದೆ, ನೋಡದೆಯೇ.

ಸಂಜೆ ದಾರ ಕಟ್ಟಿ ಎಳೆದಾಗ ಬಿಲ್ಲು ಮುರಿಯಿತು. ಮುರಿದ ಜಾಗದಲ್ಲಿ ಕಡಲೆಕಾಳಿನಷ್ಟು ಕಪ್ಪು ಗಂಟು. ಅಪ್ಪ ಅದನ್ನು ಸವರಿದ, ಮತ್ತೆ ಸವರಿದ.

“ನಂಗೆ ಗೊತ್ತಾಗ್ಲೇ ಇಲ್ವಲ್ಲಮ್ಮ. ಕಣ್ಣು ಹೋಯ್ತು ಅಂದ್ಕೊಂಡಿದ್ದೆ, ಕೈನೂ ಹೋಯ್ತು.”

ನಾನು ನೋಡಿರಲೇ ಇಲ್ಲ ಎಂಬ ಮಾತು ಬಾಯಿಗೆ ಬಂತು. ಹೇಳಲಿಲ್ಲ.

ಮರುದಿನ ಅಪ್ಪ ಉಳಿ, ಗರಗಸವನ್ನೆಲ್ಲ ಗೋಣಿಚೀಲಕ್ಕೆ ತುಂಬಿ, ಚಿಂತಾಮಣಿಯ ಬಡಗಿಯೊಬ್ಬನಿಗೆ ಕೊಟ್ಟುಬಿಟ್ಟ.