ಹತ್ತೊಂಬತ್ತರ ರಿಂಗ್

ಸ್ಪ್ಯಾನರ್ ಮತ್ತೆ ಜಾರಿತು. ಕಾರಿನಡಿ ಮಲಗಿದ್ದ ಅಮೂಲ್ಯಾ ಟಾರ್ಚ್ ಹಿಡಿದು ನೋಡಿದಳು. ಆಯಿಲ್ ಪೈಪಿನ ನಟ್ಟಿನ ಮೂಲೆಗಳು ಸವೆಯತೊಡಗಿದ್ದವು. ಇನ್ನೊಮ್ಮೆ ಜಾರಿದರೆ ಪೈಪನ್ನೇ ಕತ್ತರಿಸಬೇಕು. ಅಮೃತಾಪುರದ ಮೇಷ್ಟರ ಈ ಹಳೇ ಕಾರಿಗೆ ಬೇರೆ ಪೈಪು ಕಡೂರಿನಲ್ಲೂ ಇಲ್ಲ, ಕಂಪನಿಯಲ್ಲೂ ಇಲ್ಲ.

ಬಾಯಿ ತೆರೆದ ಸ್ಪ್ಯಾನರ್ ನಟ್ಟನ್ನು ಎರಡೇ ಕಡೆ ಹಿಡಿಯುತ್ತದೆ, ಅದಕ್ಕೇ ಜಾರುತ್ತದೆ. ರಿಂಗ್ ಸ್ಪ್ಯಾನರ್ ಸುತ್ತಲೂ ಹಿಡಿಯುತ್ತದೆ, ಆದರೆ ಪೈಪು ಅಡ್ಡ ಇರುವಾಗ ಅದನ್ನು ತೂರಿಸುವುದೆಲ್ಲಿಂದ? ಅವಳು ಎದ್ದು ಬಂದು, ಗೋಡೆಗೆ ತೂಗುಹಾಕಿದ್ದ, ಆ ನಟ್ಟಿನ ಅಳತೆಯದೇ ಆದ ಹತ್ತೊಂಬತ್ತರ ರಿಂಗನ್ನು ತೆಗೆದು ಮೇಜಿನ ವೈಸಿನ ದವಡೆಗೆ ಕಚ್ಚಿಸಿ, ಗ್ರೈಂಡರ್ ಎತ್ತಿಕೊಂಡಳು.

"ಲೇ, ಅದನ್ನ ಕುಯ್ಬೇಡ ಕಣೇ!" ಅಪ್ಪ ತೀರ್ಥಪ್ಪ ಕುರ್ಚಿಯಿಂದ ಎದ್ದೇಬಿಟ್ಟ. "ಗ್ಯಾರೇಜ್ ಶುರು ಮಾಡ್ದಾಗಿಂದ ಆಯುಧಪೂಜೆಗೆ ಇಡ್ತಿರೋದು ಅದು."

"ಪೈಪ್ ತೂರೋ ಅಷ್ಟು ಬಾಯಿ ಬಿಡಿಸ್ತೀನಪ್ಪ, ಅಷ್ಟೇ. ಪೂಜೆ ಮಾಡೋದು ಅದು ಕೆಲಸ ಮಾಡ್ಲಿ ಅಂತ ತಾನೆ?"

ತೀರ್ಥಪ್ಪ ವೈಸಿನ ಬಳಿ ಬಂದ. ಹೋದ ಹಬ್ಬದಿಂದ ರಿಂಗಿನ ಮೇಲೆ ಒಣಗಿ ಅಂಟಿದ್ದ ಕುಂಕುಮವನ್ನು ಹೆಬ್ಬೆರಳಿನಿಂದ ಉಜ್ಜಿ ತೆಗೆದು ತನ್ನ ಹಣೆಗೆ ಹಚ್ಚಿಕೊಂಡ.

"ಹೂಂ, ಈಗ ಕುಯ್ಯಿ."

ಕಿಡಿ ಹಾರಿತು. ಅವಳು ಮತ್ತೆ ಕಾರಿನಡಿ ತೂರಿದಳು. ಸೀಳಿದ ರಿಂಗು ಪೈಪನ್ನು ದಾಟಿ ನಟ್ಟಿನ ಮೇಲೆ ಬಿಗಿಯಾಗಿ ಕೂತಿತು. ಅಮೂಲ್ಯಾ ಹಲ್ಲು ಕಚ್ಚಿ ಎಳೆದಳು. ನಟ್ಟು ಅಲುಗಲಿಲ್ಲ. ಕಾಲನ್ನು ಚಕ್ರಕ್ಕೆ ಒತ್ತಿಕೊಟ್ಟು ಮತ್ತೆ ಎಳೆದಳು. ಟಕ್ಕೆಂದಿತು.

ಅಪ್ಪ ಬಗ್ಗಿ ಕಾರಿನಡಿ ಇಣುಕಿದ. "ಬಂತೇನೇ?"

ಅವಳು ಅವನತ್ತ ಮುಖ ತಿರುಗಿಸಿದಳು. ಎರಡು ಹುಬ್ಬುಗಳ ಸರಿನಡುವೆ, ಸಡಿಲಾದ ನಟ್ಟಿನಿಂದ ತೊಟ್ಟಿಕ್ಕಿದ ಕಪ್ಪು ಆಯಿಲಿನದೊಂದು ಬೊಟ್ಟು.