ಒರೆಸಿದ ನೆಲದ ಮೇಲೆ ಮಾವ ಯಾಕೆ ಕಾಲಿಡುತ್ತಿರಲಿಲ್ಲ?

ಇದನ್ನು ಓದಿದ ಮೇಲೆ ನಿಮ್ಮ ಮನೆಯ ನೆಲದ ಮೇಲೆ ಒಮ್ಮೆ ಬರಿಗಾಲಲ್ಲಿ ನಡೆದು ನೋಡಿ...

ಹುಬ್ಬಳ್ಳಿಯ ಒಂದು ಸಣ್ಣ ಮನೆ. ಹಾಲ್ ತುಂಬಾ ಕನ್ನಡಿಯಂತೆ ಹೊಳೆಯುವ ಬಿಳಿ ಟೈಲ್ಸ್.

ಮನೆಯ ಹಿರಿಯರು ಚನ್ನಬಸಪ್ಪ. ಘಟ್ಟದ ರಸ್ತೆಗಳಲ್ಲಿ ಬಸ್ ಓಡಿಸಿ ರಿಟೈರ್ ಆದ ಡ್ರೈವರ್. ಅಂಜಿಕೆ ಅನ್ನುವುದೇ ಗೊತ್ತಿಲ್ಲದ ಮನುಷ್ಯ ಅಂತಲೇ ಎಲ್ಲರೂ ಹೇಳುತ್ತಿದ್ದರು.

ಅವರಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. ಮನೆಗೆ ಕಳಿಸುವಾಗ ಡಾಕ್ಟರ್ ಹೇಳಿದ್ದು ಎರಡೇ ಮಾತು...

ಗಾಯಕ್ಕೆ ಇನ್ಫೆಕ್ಷನ್ ಆಗಬಾರದು. ದಿನಾ ವಾಕರ್ ಹಿಡಿದು ನಡೆಯಬೇಕು.

ಮೊದಲ ಮಾತು ಸೊಸೆ ಮಹಾನಂದಾಳ ಎದೆಯಲ್ಲಿ ಮುಳ್ಳಿನಂತೆ ಕುಳಿತುಬಿಟ್ಟಿತು. ಯಾಕೆಂದರೆ ಅವಳ ಅತ್ತೆ ತೀರಿಕೊಂಡಿದ್ದೇ ಗಾಯ ನಂಜಾಗಿ...

ಅಂದಿನಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೆಲ ಒರೆಸತೊಡಗಿದಳು. ಬಕೆಟ್‌ಗೆ ಒಂದು ಮುಚ್ಚಳ ಲಿಕ್ವಿಡ್ ಸಾಕು ಅಂತ ಬಾಟಲಿಯ ಮೇಲೆ ಬರೆದಿತ್ತು. ಅವಳು ಬಾಟಲಿಯನ್ನೇ ಬಗ್ಗಿಸಿ ಸುರಿಯುತ್ತಿದ್ದಳು. ವಾಸನೆ ಗಾಢವಾದಷ್ಟೂ ಅವಳಿಗೆ ಧೈರ್ಯ.

ಆದರೆ ಮಾವ ನಡೆಯಲು ಮಂಚ ಬಿಟ್ಟು ಏಳಲೇ ಇಲ್ಲ.

"ಮಾವಾರ, ಏಳ್ರಿ... ನಾಕ್ ಹೆಜ್ಜಿ ನಡೀರಿ."

"ಇವತ್ತ ಬ್ಯಾಡವಾ... ನಾಳೆ ನೋಡೂಣು."

ಆ ನಾಳೆ ಬರಲೇ ಇಲ್ಲ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಹುಡುಗಿ ಕಾಲು ಮಡಚಿ ನೋಡಿದಳು. ಅವಳ ಮುಖ ಸಣ್ಣದಾಯಿತು. "ಮೊಣಕಾಲು ಬಿಗಿಯಾಗ್ತಾ ಇದೆ... ಹೀಗೇ ಬಿಟ್ಟರೆ ಮತ್ತೆ ಆಸ್ಪತ್ರೆಗೆ ಹೋಗಬೇಕಾಗುತ್ತೆ."

ಮಗ ಮಲ್ಲೇಶನ ತಾಳ್ಮೆ ಮುಗಿಯಿತು.

"ಅಪ್ಪಾ, ಇದು ಹಟಾ ಅಲ್ಲದ ಇನ್ನೇನು? ಇವತ್ತ ನಡೀಲಿಲ್ಲಂದ್ರ ಸಂಜಿಗೆ ದವಾಖಾನ್ಯಾಗ ಸೇರಸ್ತೀನಿ ನೋಡು!"

ಬಾಗಿಲು ಧಡ್ ಎಂದು ಎಳೆದುಕೊಂಡು ಡ್ಯೂಟಿಗೆ ಹೋದ. ಚನ್ನಬಸಪ್ಪ ಗೋಡೆಯ ಕಡೆ ಮುಖ ಮಾಡಿದರು.

ಮಹಾನಂದಾ ಎಂದಿನಂತೆ ಹಾಲ್ ಒರೆಸಿ, ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯತೊಡಗಿದಳು.

ಆಗ ಕೇಳಿಸಿತು... ಸರ್ರ್... ಆಮೇಲೆ ಏನೋ ಬಿದ್ದ ಸದ್ದು.

ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

ಮಗನ ಮಾತಿಗೆ ಮಾವ ಒಬ್ಬರೇ ನಡೆಯಲು ಎದ್ದಿದ್ದರು. ವಾಕರ್ ಜಾರಿಹೋಗಿ ಹಾಲ್‌ನ ನಡುವೆ ಬಿದ್ದಿತ್ತು. ಮಾವ ಎರಡೂ ಕೈಯಿಂದ ಕಿಟಕಿಯ ಸರಳು ಹಿಡಿದು ಜೋತಾಡುತ್ತಿದ್ದರು. ಆಪರೇಷನ್ ಆದ ಕಾಲು ಇಂಚಿಂಚಾಗಿ ಮುಂದೆ ಜಾರುತ್ತಿತ್ತು... ಒಂದು ಕೈ ಬಿಟ್ಟರೆ ಮುಗಿಯಿತು.

"ಮಾವಾರ!"

"ಬರಬ್ಯಾಡವಾ! ನೀನೂ ಬೀಳ್ತಿ!"

ಅವಳು ಕೇಳಲಿಲ್ಲ. ಓಡಿದಳು. ಎರಡನೇ ಹೆಜ್ಜೆಗೇ ಅವಳ ಕಾಲೂ ಜಾರಿತು... ಧೊಪ್ಪನೆ ಬಿದ್ದಳು.

ಏಳಲಿಲ್ಲ. ಬಿದ್ದಲ್ಲಿಂದಲೇ ಅಂಬೆಗಾಲಲ್ಲಿ ಹೋದಳು. ಕೈಗೆ ಸಿಕ್ಕ ಪ್ಲಾಸ್ಟಿಕ್ ಕುರ್ಚಿಯನ್ನು ದೂಡಿಕೊಂಡು ಹೋಗಿ ಅವರ ಹಿಂದೆ ಇಟ್ಟಳು. ಎರಡೂ ಕೈಯಿಂದ ಅವರ ಪಾದ ಒತ್ತಿ ಹಿಡಿದಳು.

"ಈಗ ಕೂಡ್ರಿ... ಸಾವಕಾಶ... ನಾ ಹಿಡದೀನಿ..."

ಅವರು ಕುರ್ಚಿಗೆ ಕುಸಿದರು. ಇಬ್ಬರಿಗೂ ಏದುಸಿರು. ಗಾಯ ನೋಡಿದಳು... ಏನೂ ಆಗಿರಲಿಲ್ಲ. ದೇವರು ದೊಡ್ಡವನು.

ಆಗ ಅವಳಿಗೆ ತನ್ನ ಅಂಗೈ ಕಾಣಿಸಿತು. ನೆಲ ಸವರಿದ ಕೈ ಲೋಳೆಲೋಳೆಯಾಗಿ, ಅಂಟಂಟಾಗಿ ಹೊಳೆಯುತ್ತಿತ್ತು.

ಒರೆಸಿದ ಲಿಕ್ವಿಡ್ ಎಲ್ಲೂ ಹೋಗಿರಲಿಲ್ಲ. ದಿನದಿನವೂ ಪದರಪದರವಾಗಿ ಟೈಲ್ಸ್ ಮೇಲೇ ಕುಳಿತಿತ್ತು.

"ನೆಲಾ ಜಾರತೈತಿ ಅಂತ ಮೊದಲ ಗೊತ್ತಿತ್ತೇನ್ರಿ ನಿಮಗ? ಯಾಕ್ ಹೇಳಲಿಲ್ರಿ ಮಾವಾರ?"

ಚನ್ನಬಸಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಅವಳ ಅಂಗೈ ಒರೆಸಿದರು.

"ಒಂದಿನ ಬಚ್ಚಲಕ್ಕ ಹೋಗುವಾಗ ಕಾಲ್ ಜಾರಿತ್ತು. ಆದ್ರ ಹೆಂಗ್ ಹೇಳ್ಲಿವಾ... ನಿಮ್ಮ ಅತ್ತಿ ಹೋದ ಮ್ಯಾಲೆ ನೀ ಎಷ್ಟ್ ಹೆದರೀದಿ ಅಂತ ನನಗ ಗೊತ್ತೈತಿ. ಸೊಂಟಾ ನೋವಾದ್ರೂ ದಿನಾ ಒರಸ್ತಿ... ನನ್ನ ಸಲುವಾಗಿ. ಅದನ್ನ ತಪ್ಪು ಅಂತ ಯಾವ ಬಾಯಿಲೆ ಹೇಳ್ಲಿ?"

ಮಹಾನಂದಾ ಅವರ ಪಾದದ ಬಳಿಯೇ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು...

ಆಮೇಲೆ ಎದ್ದಳು.

ಬರೀ ಬಿಸಿನೀರು, ತೊಳೆದ ಬಟ್ಟೆ. ಒರೆಸಿ ಬಟ್ಟೆ ಅದ್ದಿದರೆ ಬಕೆಟ್ ತುಂಬಾ ನೊರೆ! ಸೋಪು ಹಾಕದ ನೀರಿನಲ್ಲಿ ನೊರೆ... ಚೆಲ್ಲಿದಳು. ಮತ್ತೆ ಹೊಸ ನೀರು. ಮತ್ತೆ ಒರೆಸಿದಳು. ಕುರ್ಚಿಯಿಂದಲೇ ಮಾವ ತೋರಿಸುತ್ತಿದ್ದರು, "ಅಲ್ಲಿ ನೋಡವಾ, ಇನ್ನೂ ಮಬ್ಬ ಐತಿ..."

ನೊರೆ ನಿಲ್ಲುವವರೆಗೂ ಬಿಡಲಿಲ್ಲ. ಕೊನೆಗೆ ತುಂಬಿದ ಬಕೆಟ್‌ಗೆ ಒಂದೇ ಮುಚ್ಚಳ ಲಿಕ್ವಿಡ್ ಹಾಕಿ ಒರೆಸಿದಳು. ಅದರ ಮೇಲೆ ಬರೀ ನೀರಿನ ಬಟ್ಟೆ. ಅದರ ಮೇಲೆ ಒಣ ಬಟ್ಟೆ.

ತಾನೇ ಬರಿಗಾಲಲ್ಲಿ ಹಾಲ್ ತುಂಬಾ ನಡೆದಳು. ಕಾಲು ಅಂಟಲಿಲ್ಲ... ಜಾರಲೂ ಇಲ್ಲ.

ಸಂಜೆ ಬೆಲ್ ಆಯಿತು. ಮಲ್ಲೇಶ! ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯಲು ಆಟೋ ಸಮೇತ ಬಂದಿದ್ದ.

ಮಹಾನಂದಾ ಬಾಗಿಲಿಗೆ ಹೊರಟಳು. ಮಾವ ಕೈ ಅಡ್ಡ ಹಿಡಿದರು.

ವಾಕರ್ ಎಳೆದುಕೊಂಡು ಎದ್ದು ನಿಂತರು. ಒಂದು ಹೆಜ್ಜೆ... ನಿಂತರು. ಮತ್ತೊಂದು ಹೆಜ್ಜೆ... ಅವಳು ಉಸಿರು ಬಿಗಿಹಿಡಿದು ಪಕ್ಕದಲ್ಲೇ ನಡೆದಳು, ಮುಟ್ಟಲಿಲ್ಲ.

ಬೆಲ್ ಮತ್ತೆ ಮತ್ತೆ ಆಗುತ್ತಲೇ ಇತ್ತು.

ಚಿಲಕ ತೆಗೆದಿದ್ದು ಚನ್ನಬಸಪ್ಪನವರೇ.

ಎದುರಿಗೆ ನಿಂತಿದ್ದ ಅಪ್ಪನನ್ನು ನೋಡಿ ಮಲ್ಲೇಶ ಬೆಲ್ ಮೇಲಿನ ಕೈ ತೆಗೆಯುವುದನ್ನೇ ಮರೆತ.

"ಹಟಾ ಅಲ್ಲೋ ಮಲ್ಲೇಶಾ..." ಅಪ್ಪನ ದನಿ ಒಡೆಯಿತು. "ಹೆದರಿಕಿ ಆಗಿತ್ತು. ನಿನ್ನ ಮುಂದ ಹೇಳಾಕ ನಾಚಿಕಿ ಆತು."

ಮಗ ಹೊಸ್ತಿಲಲ್ಲೇ ಅಪ್ಪನನ್ನು ತಬ್ಬಿಕೊಂಡ... ಹೊರಗೆ ನಿಂತಿದ್ದ ಆಟೋ ಖಾಲಿಯಾಗಿಯೇ ವಾಪಸ್ ಹೋಯಿತು.

ಹಿರಿಯರು ಹಟ ಮಾಡುತ್ತಿದ್ದಾರೆ ಅನ್ನುವ ಮೊದಲು, ಅವರು ಹೆದರಿದ್ದಾರೆಯೇ ಎಂದು ನೋಡಿ.

ನಿಮ್ಮ ಮನೆಯಲ್ಲೂ ಯಾರೋ ಒಬ್ಬರು "ನಾಳೆ ನೋಡೋಣ" ಅನ್ನುತ್ತಾ ಸುಮ್ಮನೆ ಕುಳಿತಿದ್ದಾರಾ? ಯಾಕೆ ಅಂತ ಅವರ ಪಕ್ಕ ಕುಳಿತು ಕೇಳಿದ್ದೀರಾ?